ಜೇನ್ನೊಣದ ಊರಿನಲ್ಲಿ ಒಂದೇ ಪದರು

ಮ್ಯಾಂಚೆಸ್ಟರಿನಲ್ಲಿ ಎಲ್ಲಿ ನೋಡಿದರೂ ಜೇನ್ನೊಣ. ಕಸದ ತೊಟ್ಟಿಯ ಮೇಲೆ ಜೇನ್ನೊಣ, ಫುಟ್‌ಪಾತಿನ ಅಂಚಿಗೆ ನೆಟ್ಟ ಕಬ್ಬಿಣದ ಗೂಟದ ಮೇಲೆ ಜೇನ್ನೊಣ, ಕಾಫಿ ಲೋಟದ ಮೇಲೆ, ಬಸ್ಸಿಗೆ ಕಾಯುವ ಹುಡುಗನ ತೋಳಿನ ಹಚ್ಚೆಯಲ್ಲಿ. 1842ರಲ್ಲಿ ಊರಿಗೆ ಲಾಂಛನ ದೊರೆತಾಗ ಭೂಗೋಳದ ಮೇಲೆ ಏಳು ಜೇನ್ನೊಣಗಳನ್ನು ಕೂರಿಸಿಕೊಂಡರು. ನಮ್ಮ ದುಡಿಮೆ ಏಳು ಸಮುದ್ರ ದಾಟಿದೆ ಎಂಬ ಗಿರಣಿ ಊರಿನ ಜಂಬ. ಜಂಬಕ್ಕೆ ಕಾರಣವೂ ಇತ್ತು. ಎಲ್ಲೆಲ್ಲಿಯದೋ ಹತ್ತಿ ಇಲ್ಲಿಗೆ ಬಂದು ಬಟ್ಟೆಯಾಗಿ ಹೊರಡುತ್ತಿದ್ದ ಕಾಲವದು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಅಲ್ಲಿಯ ಹತ್ತಿ ನಿಂತುಹೋದಾಗ ಈ ಊರಿನ ವ್ಯಾಪಾರಿಗಳ ಕಣ್ಣು ನಮ್ಮ ಧಾರವಾಡದ ಎರೆಹೊಲಗಳ ಮೇಲೂ ಬಿತ್ತು. ಆ ಹತ್ತಿಯನ್ನು ಹಡಗಿಗೇರಿಸಲು ಕಾರವಾರಕ್ಕೊಂದು ಬಂದರು ಬೇಕೆಂದು ಸರ್ಕಾರದ ಬೆನ್ನು ಬಿದ್ದವರಲ್ಲಿ ಮ್ಯಾಂಚೆಸ್ಟರಿನವರು ಮುಂದು.

ನಾನು ಬಂದದ್ದು ಗಿರಣಿ ನೋಡುವುದಕ್ಕಲ್ಲ. ಒಂದೇ ಒಂದು ಪದರಿನಷ್ಟು ತೆಳುವಾದ ವಸ್ತುಗಳನ್ನು ನೋಡುವುದಕ್ಕೆ. ಆದರೆ ಈ ಊರಿನಲ್ಲಿ ಯಾವುದನ್ನೂ ನೇರವಾಗಿ ಹೋಗಿ ನೋಡಲಾಗುವುದಿಲ್ಲ, ದಾರಿಯಲ್ಲಿ ಯಾರಾದರೊಬ್ಬರು ತಡೆದು ನಿಲ್ಲಿಸುತ್ತಾರೆ. ಆಕ್ಸ್‌ಫರ್ಡ್ ರಸ್ತೆಯ ಬಳಿಯ ಚೆಸ್ಟರ್ ಬೀದಿಯಲ್ಲಿ ಜಾನ್ ಡಾಲ್ಟನ್ ಮಳೆಯಲ್ಲಿ ನೆನೆಯುತ್ತ ಕಂಚಿನ ಕುರ್ಚಿಯಲ್ಲಿ ಕೂತಿದ್ದಾನೆ. ಪದಾರ್ಥವೆಲ್ಲ ಒಡೆಯಲಾಗದ ಪರಮಾಣುಗಳಿಂದಾಗಿದೆ, ಒಂದೊಂದು ಧಾತುವಿನ ಪರಮಾಣುವಿಗೂ ಅದರದೇ ತೂಕವಿದೆ ಎಂದು ಲೆಕ್ಕ ಹಾಕಿ ಹೇಳಿದ ಮೇಷ್ಟ್ರು. ಪರಮಾಣುವನ್ನು ಅವನು ಕಂಡವನಲ್ಲ. ಕಂಡದ್ದು ಮಳೆ: ಐವತ್ತೇಳು ವರ್ಷ ಬಿಡದೆ ಹವಾಮಾನದ ದಿನಚರಿ ಬರೆದ, 1844ರಲ್ಲಿ ಸಾಯುವ ಹಿಂದಿನ ದಿನದವರೆಗೂ. ಮ್ಯಾಂಚೆಸ್ಟರಿನಲ್ಲಿ ಒಂದು ವಾರ ಇದ್ದವರಿಗೆ ಆ ದಿನಚರಿಯಲ್ಲಿ ಏನಿದ್ದೀತು ಎಂದು ಊಹಿಸುವುದು ಕಷ್ಟವಲ್ಲ.

ಅವನಾದ ಮೇಲೆ ರುದರ್‌ಫರ್ಡ್ ಬಂದ. ಪರಮಾಣುವಿನ ನಡುವೆ ಒಂದು ಬೀಜವಿದೆ, ಉಳಿದದ್ದೆಲ್ಲ ಬಹುಪಾಲು ಬಯಲು ಎಂದು 1911ರಲ್ಲಿ ಇಲ್ಲಿಂದಲೇ ಸಾರಿದ. ಮತ್ತೆ ಮೂವತ್ತೇಳು ವರ್ಷಕ್ಕೆ ಅದೇ ವಿಶ್ವವಿದ್ಯಾಲಯದಲ್ಲಿ ಫ್ರೆಡ್ ವಿಲಿಯಮ್ಸ್ ಮತ್ತು ಟಾಮ್ ಕಿಲ್‌ಬರ್ನ್ ಕೋಣೆ ತುಂಬುವ ಯಂತ್ರವೊಂದನ್ನು ಕಟ್ಟಿ ‘ಬೇಬಿ’ ಎಂದು ಕರೆದರು. ತನ್ನ ಕೆಲಸದ ಸೂಚನೆಗಳನ್ನು ತನ್ನದೇ ನೆನಪಿನಲ್ಲಿ ಇಟ್ಟುಕೊಂಡು ನಡೆಸಿದ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಅದು.

ಅದರ ಪ್ರತಿಕೃತಿ ಲಿವರ್‌ಪೂಲ್ ರಸ್ತೆಯ ವಸ್ತುಸಂಗ್ರಹಾಲಯದಲ್ಲಿದೆ. ಆ ಜಾಗವೇ ಒಂದು ಚೋದ್ಯ. 1830ರಲ್ಲಿ ಊರಿಂದೂರಿಗೆ ಪ್ರಯಾಣಿಕರನ್ನು ಸಾಗಿಸಿದ ರೈಲಿನ ನಿಲ್ದಾಣ ಅದು, ಟಿಕೆಟ್ ಕೊಡುತ್ತಿದ್ದ ಕಟ್ಟಡ ಇನ್ನೂ ನಿಂತಿದೆ. ಬೇಬಿಯ ಮುಂದೆ ನಾನು ಬಹಳ ಹೊತ್ತು ನಿಂತೆ. ಐದು ಮೀಟರಿಗೂ ಉದ್ದ, ಒಂದು ಟನ್ ತೂಕ, ಸಾಲುಸಾಲು ವಾಲ್ವುಗಳು, ಗಂಟುಗಂಟು ತಂತಿ. ಇಷ್ಟು ದೊಡ್ಡ ಮೈಗೆ ನೆನಪಿನ ಶಕ್ತಿ ಎಷ್ಟು ಗೊತ್ತೇ? 32 ಪದ, ಪದಕ್ಕೆ 32 ಬಿಟ್. 1948ರ ಜೂನ್ 21ರಂದು ಒಂದು ಸಂಖ್ಯೆಗೆ ಅದನ್ನೇ ಬಿಟ್ಟು ಉಳಿದ ಅತಿ ದೊಡ್ಡ ಅಪವರ್ತನ ಹುಡುಕು ಎಂದು ಕೇಳಿದರೆ 52 ನಿಮಿಷ ಎಣಿಸಿ ಉತ್ತರ ಕೊಟ್ಟಿತು. ಉತ್ತರ ಅವರಿಗೆ ಮೊದಲೇ ಗೊತ್ತಿತ್ತು. ಯಂತ್ರಕ್ಕೂ ಗೊತ್ತಾಯಿತೇ ಎಂಬುದಷ್ಟೇ ಬೇಕಾಗಿತ್ತು. ಐದು ವರ್ಷದ ನಂತರ ಅದೇ ಕಿಲ್‌ಬರ್ನನ ಶಿಷ್ಯರು ವಾಲ್ವು ಬಿಟ್ಟು 92 ಟ್ರಾನ್ಸಿಸ್ಟರುಗಳನ್ನಿಟ್ಟು ಇನ್ನೊಂದು ಕಂಪ್ಯೂಟರ್ ಮಾಡಿದರು. ಟ್ರಾನ್ಸಿಸ್ಟರ್ ಕಂಪ್ಯೂಟರುಗಳ ವಂಶದಲ್ಲಿ ಅದೇ ಹಿರಿಯ. ಈ ಅಂಕಿಗಳನ್ನು ತಲೆಯಲ್ಲಿಟ್ಟುಕೊಂಡೇ ಮುಂದೆ ನಡೆದೆ. 32 ಬಿಟ್ ಮತ್ತೆ ಎದುರಾಗುತ್ತದೆ.

ಬೂತ್ ಸ್ಟ್ರೀಟ್ ಈಸ್ಟಿನಲ್ಲಿ ಕಪ್ಪು ಲೋಹದ ಸೆರಗು ಹೊದ್ದು ನಿಂತಿರುವುದು ರಾಷ್ಟ್ರೀಯ ಗ್ರಾಫೀನ್ ಸಂಸ್ಥೆ, 2015ರಲ್ಲಿ ತೆರೆದದ್ದು. ಅದರ ಮುಖ್ಯ ಶುದ್ಧಕೋಣೆ ನೆಲದಿಂದ ಐದು ಮೀಟರ್ ಕೆಳಗಿದೆ. ಮೇಲೆ ಬಸ್ಸು ಹೋದರೆ ಏಳುವ ಕಂಪನ ಕೂಡ ಈ ಕೆಲಸಕ್ಕೆ ಭೂಕಂಪ. ಮಹಡಿಯ ಮೇಲೆ 21 ಬಗೆಯ ಹುಲ್ಲು, ಕಾಡುಹೂಗಳನ್ನು ಬೆಳೆಸಿದ್ದಾರೆ, ಊರಿನ ಜೇನ್ನೊಣಗಳು ಬರಲಿ ಎಂದು. ಕೆಳಗೆ ಗ್ರಾಫೀನಿನ ಆರುಮೂಲೆಯ ಪರಮಾಣು ಜಾಲ, ಮೇಲೆ ಆರುಮೂಲೆಯ ಗೂಡು ಕಟ್ಟುವ ಹುಳು. ಕಟ್ಟಡ ಕಟ್ಟಿದವರಿಗೆ ತಮಾಷೆ ಗೊತ್ತಿದೆ.

ಸೆಲ್ಲೋಟೇಪಿನ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ದಾಟುತ್ತೇನೆ. ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಪೆನ್ಸಿಲ್ ಸೀಸದ ಗ್ರಾಫೈಟನ್ನು ಟೇಪಿನಿಂದ ಎಬ್ಬಿಸಿ ಎಬ್ಬಿಸಿ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆಯನ್ನು, ಅಂದರೆ ಗ್ರಾಫೀನನ್ನು, ಪಡೆದರು, 2004ರಲ್ಲಿ ಪ್ರಕಟಿಸಿದರು, 2010ರಲ್ಲಿ ನೊಬೆಲ್ ಬಂತು. ಗೈಮ್ ಅದಕ್ಕೂ ಮೊದಲು ಆಯಸ್ಕಾಂತದ ಬಲದಿಂದ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿ ಇಗ್ ನೊಬೆಲ್ ಗೆದ್ದಿದ್ದವನು. ಎರಡೂ ಬಹುಮಾನ ಒಬ್ಬನಿಗೇ ಬಂದದ್ದು ನನಗಂತೂ ಬಹಳ ಇಷ್ಟ.

ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಆ ಕಥೆಯ ಎರಡನೆಯ ಅಧ್ಯಾಯ. 2005ರಲ್ಲಿ ಅದೇ ಗುಂಪು ಇನ್ನೊಂದು ಪ್ರಬಂಧ ಪ್ರಕಟಿಸಿತು. ಅದರಲ್ಲಿ ಗ್ರಾಫೈಟ್ ಮಾತ್ರ ಅಲ್ಲ. ಬೋರಾನ್ ನೈಟ್ರೈಡ್, ಮಾಲಿಬ್ಡಿನಮ್ ಡೈಸಲ್ಫೈಡ್, ನಿಯೋಬಿಯಮ್ ಡೈಸೆಲೆನೈಡ್, ಜೊತೆಗೆ ತಾಮ್ರ ಬೆರೆತ ಒಂದು ಅತಿವಾಹಕ ಹರಳು. ಇವೆಲ್ಲದರಿಂದಲೂ ಒಂದೊಂದೇ ಪದರು ಕಿತ್ತು ತೋರಿಸಿದ್ದರು. ಕಾಗೆಬಂಗಾರದ ಚೂರು ಹೆಕ್ಕಿ ಉಗುರಿನಿಂದ ಪರೆ ಪರೆ ಎಬ್ಬಿಸಿದ ಬಾಲ್ಯ ನಿಮ್ಮದಾಗಿದ್ದರೆ ಇದರ ಗುಟ್ಟು ನಿಮಗೆ ಆಗಲೇ ಗೊತ್ತು: ಪದರಿನೊಳಗೆ ಪರಮಾಣುಗಳು ಗಟ್ಟಿಯಾಗಿ ಕೈ ಹಿಡಿದಿರುತ್ತವೆ, ಪದರು ಪದರಿನ ನಡುವೆ ಮಾತ್ರ ಸಡಿಲ. ಅಚ್ಚರಿಯೆಂದರೆ, ಹೀಗೊಂದೇ ಪದರು ಬಿಡಿಯಾಗಿ ನಿಲ್ಲುವುದೇ ಅಸಾಧ್ಯ ಎಂದು ಲಾಂಡೌ, ಪಿಯರ್ಲ್ಸರಂಥ ಭೌತವಿಜ್ಞಾನದ ಘಟಾನುಘಟಿಗಳು 1930ರ ದಶಕದಲ್ಲೇ ಲೆಕ್ಕ ಮಾಡಿಟ್ಟಿದ್ದರು. ಶಾಖದ ಅಲುಗಾಟಕ್ಕೇ ಅದು ಚದುರಿಹೋಗಬೇಕಿತ್ತು. ಹೋಗಲಿಲ್ಲ. ಆಸರೆಯಿಲ್ಲದೆ ತೂಗುಬಿಟ್ಟ ಹಾಳೆ ಪೂರ್ತಿ ಚಪ್ಪಟೆಯಲ್ಲ, ಸಣ್ಣದಾಗಿ ಅಲೆಅಲೆಯಾಗಿ ಸುಕ್ಕುಗಟ್ಟಿರುತ್ತದೆ ಎಂದು ಆಮೇಲೆ ಗೊತ್ತಾಯಿತು.

ಆ ಪಟ್ಟಿಯಲ್ಲಿರುವ ಮಾಲಿಬ್ಡಿನಮ್ ಡೈಸಲ್ಫೈಡ್ ನಿಮ್ಮೂರಿನ ಗ್ಯಾರೇಜಿನಲ್ಲೇ ಇದೆ. ಲಾರಿಯ ಕೀಲುಗಳಿಗೆ ಹಾಕುವ ಕಪ್ಪು ಗ್ರೀಸಿನಲ್ಲಿ ಬೆರೆಸುವುದು ಅದನ್ನೇ. ಪದರುಗಳು ಒಂದರ ಮೇಲೊಂದು ಜಾರುತ್ತವಲ್ಲ, ಅದಕ್ಕೇ. ನೋಡಲು, ಮುಟ್ಟಲು ಗ್ರಾಫೈಟಿನಂತೆಯೇ; ಶತಮಾನಗಳ ಕಾಲ ಜನ ಎರಡನ್ನೂ ಒಂದೇ ಎಂದುಕೊಂಡಿದ್ದರು. ಬೇರೆ ಬೇರೆ ಎಂದು 1778ರಲ್ಲಿ ತೋರಿಸಿಕೊಟ್ಟವನು ಸ್ವೀಡನ್ನಿನ ಔಷಧ ವ್ಯಾಪಾರಿ ಕಾರ್ಲ್ ಷೀಲೆ. ಹೀಗೆ ಬೇರೆಯಾದ ಜೋಡಿ ಇನ್ನೂರು ಚಿಲ್ಲರೆ ವರ್ಷದ ನಂತರ ಮ್ಯಾಂಚೆಸ್ಟರಿನ ಒಂದೇ ಟೇಪಿನ ಸುರುಳಿಗೆ ಮತ್ತೆ ಅಂಟಿಕೊಂಡಿತು.

ವಿದ್ಯುನ್ಮಾನದವರಿಗೆ ಈ ಗ್ರೀಸಿನ ಪುಡಿ ಯಾಕೆ ಬೇಕಾಯಿತು? ಗ್ರಾಫೀನಿಗೆ ಆರುವುದು ಗೊತ್ತಿಲ್ಲ. ಎಲೆಕ್ಟ್ರಾನುಗಳು ಅದರಲ್ಲಿ ಓಡುವ ಓಟಕ್ಕೆ ಸಾಟಿಯಿಲ್ಲ, ಆದರೆ ನಿಲ್ಲು ಎಂದರೆ ನಿಲ್ಲುವುದಿಲ್ಲ. ಟ್ರಾನ್ಸಿಸ್ಟರ್ ಎಂದರೆ ಕೊನೆಗೂ ಒಂದು ಸ್ವಿಚ್ಚು. ಆರದ ಸ್ವಿಚ್ಚಿನಿಂದ ಒಂದು–ಸೊನ್ನೆ ಎಣಿಸಲಾಗದು. 2010ರ ಸುಮಾರಿಗೆ ಗ್ರಾಫೀನಿನ ಬಗ್ಗೆ ಪತ್ರಿಕೆಗಳು ಹೊಡೆದ ಡೋಲು ನೆನಪಿದೆ. ಸಿಲಿಕಾನಿನ ತಿಥಿಗೆ ದಿನ ಗೊತ್ತುಮಾಡುವುದಷ್ಟೇ ಬಾಕಿ ಎಂಬಂತಿತ್ತು. ಗ್ರಾಫೀನಿನಂತಲ್ಲ, ಮಾಲಿಬ್ಡಿನಮ್ ಡೈಸಲ್ಫೈಡ್ ಹುಟ್ಟಾ ಅರೆವಾಹಕ. ಎರಡು ಗಂಧಕದ ಸಾಲುಗಳ ನಡುವೆ ಮಾಲಿಬ್ಡಿನಮ್ಮಿನ ಒಂದು ಸಾಲು, ಮೂರು ಪರಮಾಣು ಸೇರಿ 0.65 ನ್ಯಾನೋಮೀಟರ್. ಒಂದು ಮಿಲಿಮೀಟರ್ ದಪ್ಪದ ಹರಳಿನಲ್ಲಿ ಇಂಥ ಹದಿನೈದು ಲಕ್ಷ ಪದರು. 2010ರಲ್ಲಿ ಅಮೆರಿಕದ ಎರಡು ಗುಂಪುಗಳು ಕಂಡದ್ದು ಇನ್ನೂ ಸೋಜಿಗ: ದಪ್ಪ ಹರಳು ಬೆಳಕು ಚೆಲ್ಲುವುದರಲ್ಲಿ ಜಿಪುಣ, ಒಂದೇ ಪದರಿಗೆ ಇಳಿಸಿದೊಡನೆ ಅದೇ ವಸ್ತು ಚೆನ್ನಾಗಿ ಹೊಳೆಯುತ್ತದೆ. ಏನನ್ನೂ ಬೆರೆಸಿಲ್ಲ, ಕಳೆದದ್ದಷ್ಟೇ, ಗುಣ ಬದಲಾಯಿತು. ಮರುವರ್ಷ ಸ್ವಿಟ್ಜರ್ಲೆಂಡಿನ ಲಾಸಾನಿನಲ್ಲಿ ಆಂದ್ರಾಸ್ ಕಿಸ್ ಗುಂಪು ಅಂಥ ಒಂಟಿ ಪದರಿನಿಂದ ಟ್ರಾನ್ಸಿಸ್ಟರ್ ಮಾಡಿತು. ಹೊತ್ತಿದಾಗಿನ ವಿದ್ಯುತ್ತಿಗೂ ಆರಿದಾಗಿನ ವಿದ್ಯುತ್ತಿಗೂ ಹತ್ತು ಕೋಟಿ ಪಟ್ಟು ವ್ಯತ್ಯಾಸ. ಇದಕ್ಕೆ ಆರುವುದು ಗೊತ್ತಿತ್ತು.

ಇಷ್ಟೆಲ್ಲ ಓದಿಕೊಂಡಿದ್ದರೂ ಪದರನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ತೋರಿಸಿದವಳು ನವಲಗುಂದದ ಕಡೆಯ ಹುಡುಗಿ, ಇಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಪರಿಚಯದವರು ಕೊಟ್ಟ ಫೋನ್ ನಂಬರಿನಿಂದ ಸಿಕ್ಕವಳು. ‘ನಮ್ಮ ಹೊಲದಾಗೂ ಹತ್ತೀನೇ ಬೆಳಿತಿದ್ರರಿ ಮುತ್ತಜ್ಜ,’ ಎಂದಾಗ ನನಗೆ ಆ ಹಳೆಯ ಹಡಗುಗಳು ನೆನಪಾದವು.

ಅವಳು ನೀಲಿ ಟೇಪಿನ ತುಂಡಿನ ಮೇಲೆ ಬೆಳ್ಳಿಯಂತೆ ಮಿನುಗುವ ಹರಳಿನ ಚೂರಿಟ್ಟು, ಟೇಪನ್ನು ಮಡಚಿ ಒತ್ತಿ ಬಿಡಿಸಿದಳು. ಮತ್ತೆ ಮಡಚಿದಳು, ಬಿಡಿಸಿದಳು. ಚೂರು ಎರಡಾಗಿ, ನಾಲ್ಕಾಗಿ, ಟೇಪಿನ ತುಂಬ ಮಸಿಯ ಚುಕ್ಕೆಗಳಾಯಿತು. ಆಮೇಲೆ ಅದನ್ನು ಸಿಲಿಕಾನ್ ಬಿಲ್ಲೆಗೆ ಒತ್ತಿ, ಹೆಬ್ಬೆರಳಿನಿಂದ ನೀವಿ, ಉಸಿರು ಹಿಡಿದು ನಿಧಾನವಾಗಿ ಎತ್ತಿದಳು. ನೊಬೆಲ್ ಬಂದು ಇಷ್ಟು ವರ್ಷವಾದರೂ ಅತ್ಯುತ್ತಮ ಪದರು ಬೇಕೆಂದರೆ ಇಂದಿಗೂ ದಾರಿ ಇದೇ, ಟೇಪು ಮತ್ತು ಹೆಬ್ಬೆರಳು.

‘ಈಗ ಹುಡುಕೂದ್ರಿ ಸರ. ಇದರಾಗೇ ದಿನಾ ಹೋಗತಾವ.’

ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿದೆ. ನೇರಳೆ ಬಯಲು. ಅದರ ತುಂಬ ಚಿನ್ನದ ಬಣ್ಣದ, ಬೆಳ್ಳಿ ಬಣ್ಣದ ಗುಡ್ಡಗಳು, ಒಡೆದ ಬಂಡೆಗಳು, ಕಡಿದಾದ ಅಂಚುಗಳು. ಅವೆಲ್ಲ ದಪ್ಪ ಚೂರುಗಳಂತೆ. ಅವಳು ತಿರುಪು ತಿರುಗಿಸಿ ಬಯಲಿನ ಮೇಲೆ ನನ್ನನ್ನು ಮೆಲ್ಲಗೆ ನಡೆಸಿಕೊಂಡು ಹೋದಳು. ಒಂದು ಗುಡ್ಡದ ಬುಡದಲ್ಲಿ ನಿಲ್ಲಿಸಿ, ‘ಆ ದಂಡಿಗೆ ನೋಡ್ರಿ, ಸ್ವಲ್ಪ ಬ್ಯಾರೆ ಬಣ್ಣ ಕಾಣತೈತಲ್ಲ?’ ಅಂದಳು. ಮೊದಲು ಏನೂ ಕಾಣಲಿಲ್ಲ. ಕಣ್ಣು ಪಳಗಿದ ಮೇಲೆ ಕಂಡಿತು: ನೇರಳೆಯ ಮೇಲೆ ಮಬ್ಬು ನೀಲಿಹಸಿರಿನ ಒಂದು ತ್ರಿಕೋನ. ಇತ್ತೋ ಇಲ್ಲವೋ ಎನ್ನುವಷ್ಟು. ಬಿಲ್ಲೆಯ ಮೇಲಿನ ಆಕ್ಸೈಡ್ ಪೊರೆಯ ದಪ್ಪ ಸುಮಾರು 300 ನ್ಯಾನೋಮೀಟರ್ ಇದ್ದರೆ ಬೆಳಕಿನ ಅಲೆಗಳು ಮೇಲಿಂದಲೂ ಕೆಳಗಿಂದಲೂ ಪ್ರತಿಫಲಿಸಿ, ಕೂಡಿ ಕಳೆದು, ಒಂದೇ ಪದರಿನ ಇರವನ್ನೂ ಬಣ್ಣದಲ್ಲಿ ಬಯಲು ಮಾಡುತ್ತವೆ. ಪೊರೆಯ ದಪ್ಪ ಹದ ತಪ್ಪಿದರೆ ಈ ಬಣ್ಣ ಕಣ್ಣಿಗೆ ಸಿಗುವುದೇ ಇಲ್ಲ.

ಮೂರು ಪರಮಾಣುಗಳ ದಪ್ಪವನ್ನು, ಗಾಜಿನ ಮಸೂರದ ಮೂಲಕ, ನನ್ನ ಸ್ವಂತ ಕಣ್ಣಿನಿಂದ ನೋಡುತ್ತಿದ್ದೆ. ಡಾಲ್ಟನ್ ಕುರ್ಚಿಯಿಂದ ಎದ್ದು ಬಂದು ನೋಡಿಹೋಗಬಹುದಿತ್ತು, ಅವನಿಗೆ ಬಣ್ಣಗುರುಡು ಇರದಿದ್ದರೆ.

‘ಇದನ್ನ ಏನ್ಮಾಡ್ತೀಯಮ್ಮಾ?’ ಎಂದೆ.

‘ಬಿಎನ್ ಮ್ಯಾಲೆ ಕೂಡಸಬೇಕ್ರಿ. ಬರೇ ಆಕ್ಸೈಡ್ ಮ್ಯಾಲೆ ಇಟ್ಟರ ಎಲೆಕ್ಟ್ರಾನ್ ಎಡವತಾವ.’

ಬಿಎನ್ ಎಂದರೆ ಬೋರಾನ್ ನೈಟ್ರೈಡ್, 2005ರ ಪಟ್ಟಿಯ ಇನ್ನೊಂದು ಹೆಸರು. ಗ್ರಾಫೀನಿನಂಥದೇ ಆರುಮೂಲೆ ಜಾಲ, ಇಂಗಾಲದ ಜಾಗದಲ್ಲಿ ಬೋರಾನ್ ಮತ್ತು ಸಾರಜನಕ ಒಂದರ ಪಕ್ಕ ಒಂದು. ವಿದ್ಯುತ್ತನ್ನು ಬಿಡದ ನಿರೋಧಕ, ಪರಮಾಣು ಮಟ್ಟಕ್ಕೆ ಸಪಾಟು. ಅವಳು ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ತೆರೆದು ತೋರಿಸಿದಳು. ಬಣ್ಣವಿಲ್ಲದ ಪುಡಿಹರಳು, ಅಷ್ಟೆ. ಬಂದದ್ದು ಜಪಾನಿನ ತ್ಸುಕುಬಾದಿಂದ.

ಇಲ್ಲಿ ಕಥೆ ಎಂಥ ಇಕ್ಕಟ್ಟಾದ ಓಣಿಯಲ್ಲಿ ನುಗ್ಗುತ್ತದೆ ನೋಡಿ. ಟೋಕಿಯೋದ ಈಶಾನ್ಯಕ್ಕಿರುವ ಆ ವಿಜ್ಞಾನನಗರಿಯ ಸರ್ಕಾರಿ ಸಂಸ್ಥೆಯಲ್ಲಿ ತಕಾಶಿ ತಾನಿಗುಚಿ ಮತ್ತು ಕೆಂಜಿ ವತಾನಬೆ ಎಂಬ ಇಬ್ಬರು. 1980ರ ದಶಕದಲ್ಲಿ ವಜ್ರ ಮಾಡಲೆಂದು ಕಟ್ಟಿದ ದೈತ್ಯ ಒತ್ತುಯಂತ್ರವೊಂದು ಅಲ್ಲಿದೆ. ವಾಯುಮಂಡಲದ ಒತ್ತಡದ ನಲವತ್ತು ಸಾವಿರ ಪಟ್ಟು ಹಿಂಡಿ, ಒಂದೂವರೆ ಸಾವಿರ ಡಿಗ್ರಿಯಷ್ಟು ಕಾಯಿಸುತ್ತದೆ. ಅದರಲ್ಲಿ ಅವರು ಬೆಳೆಸಿದ ಬೋರಾನ್ ನೈಟ್ರೈಡ್ ಅತಿನೇರಳೆ ಬೆಳಕು ಚೆಲ್ಲುತ್ತದೆ ಎಂದು 2004ರಲ್ಲಿ ಬರೆದರು. ಮ್ಯಾಂಚೆಸ್ಟರಿನ ಟೇಪಿನ ಸುದ್ದಿ ಹೊರಬಿದ್ದ ವರ್ಷವೇ, ಅದರ ಗೊಡವೆಯಿಲ್ಲದೆ. 2010ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಆ ಹರಳಿನ ಮೇಲೆ ಗ್ರಾಫೀನ್ ಕೂರಿಸಿದರು, ಎಲೆಕ್ಟ್ರಾನುಗಳ ಓಟ ಎಷ್ಟೋ ಪಟ್ಟು ಸಲೀಸಾಯಿತು. ಅಲ್ಲಿಂದ ಮುಂದೆ ಜಗತ್ತಿನ ನೂರಾರು ಪ್ರಯೋಗಾಲಯಗಳಿಗೆ ತ್ಸುಕುಬಾದ ಡಬ್ಬಿ ಹೋಗತೊಡಗಿತು. 2018ರಲ್ಲಿ ಎರಡು ಗ್ರಾಫೀನ್ ಹಾಳೆಗಳನ್ನು 1.1 ಡಿಗ್ರಿ ತಿರುವಿಟ್ಟರೆ ಅತಿವಾಹಕವಾಗುತ್ತದೆ ಎಂಬ ಎಂಐಟಿಯ ಶೋಧ ಲೋಕವನ್ನೇ ಬೆಚ್ಚಿಸಿತಲ್ಲ, ಅದರ ಅಡಿಗೂ ಮೇಲಕ್ಕೂ ಇದ್ದದ್ದು ಇದೇ ಹರಳು. ಈ ಕ್ಷೇತ್ರದ ಯಾವ ಪ್ರಬಂಧ ತೆರೆದರೂ ಲೇಖಕರ ಸಾಲಿನಲ್ಲಿ ಆ ಎರಡು ಹೆಸರು ಕಣ್ಣಿಗೆ ಬೀಳುತ್ತವೆ. ಭವಿಷ್ಯದ ವಿದ್ಯುನ್ಮಾನ ಎಂದು ಇಷ್ಟು ದೊಡ್ಡ ಬಾಯಿಯಲ್ಲಿ ಹೇಳುತ್ತೇವೆ. ಬಹುಪಾಲು ಅದು ಒಂದು ಹಳೆಯ ಯಂತ್ರ ಮತ್ತು ಇಬ್ಬರ ಕೈಗುಣದ ಮೇಲೆ ನಿಂತಿದೆ.

ಕೈಯಿಂದ ಕಾರ್ಖಾನೆಗೆ ಹೋಗುವ ದಾರಿ ಯಾಕೆ ಬೇಕೆಂದರೆ, ಸಿಲಿಕಾನ್ ತೆಳುವಾಗಲು ಒಲ್ಲೆ ಎನ್ನುತ್ತಿದೆ. ಅಂಗಡಿಯವರು ಹೇಳುವ ‘3 ನ್ಯಾನೋಮೀಟರ್ ಚಿಪ್’ ಮಾರಾಟದ ಹೆಸರು, ಅದರೊಳಗೆ ಯಾವ ಭಾಗದ ಅಳತೆಯೂ ಅದಲ್ಲ. ನಿಜವಾಗಿ ಸಿಲಿಕಾನನ್ನು ಮೂರು ನಾಲ್ಕು ನ್ಯಾನೋಮೀಟರಿಗಿಂತ ತೆಳ್ಳಗೆ ಮಾಡಹೋದರೆ ಅದರ ಮೇಲ್ಮೈಯ ಉಬ್ಬುತಗ್ಗಿಗೆ ಎಲೆಕ್ಟ್ರಾನುಗಳು ಡಿಕ್ಕಿ ಹೊಡೆದು ಓಟ ಕುಸಿಯುತ್ತದೆ. ಕಡಿದ ಮೇಲ್ಮೈಯಲ್ಲಿ ಜೊತೆಯಿಲ್ಲದ ಬಂಧಗಳು ಕೈಚಾಚಿ ನಿಂತಿರುತ್ತವೆ. ಪದರುವಸ್ತುವಿಗೆ ಆ ರೋಗವಿಲ್ಲ. ಅದರ ಮೇಲ್ಮೈ ಹುಟ್ಟಿನಿಂದಲೇ ಪೂರ್ಣ.

ಹಾಗಾದರೆ ಕೆಲಸ ಎಲ್ಲಿಗೆ ಬಂದಿದೆ? 2017ರಲ್ಲಿ ವಿಯೆನ್ನಾದವರು ಮಾಲಿಬ್ಡಿನಮ್ ಡೈಸಲ್ಫೈಡಿನ 115 ಟ್ರಾನ್ಸಿಸ್ಟರುಗಳಿಂದ ಒಂದು ಬಿಟ್ಟಿನ ಸಂಸ್ಕಾರಕ ಮಾಡಿದರು. 2025ರ ಏಪ್ರಿಲಿನಲ್ಲಿ ಶಾಂಘೈನ ಫುಡಾನ್ ವಿಶ್ವವಿದ್ಯಾಲಯದವರು ‘ವೂಜಿ’ ಎಂಬ ಸಂಸ್ಕಾರಕವನ್ನು ತಂದರು, ಸುಮಾರು 5,900 ಟ್ರಾನ್ಸಿಸ್ಟರ್, 32 ಬಿಟ್. ಬೇಬಿಯ ಅಳತೆಯೇ! ಅದೇ ವರ್ಷದ ಜೂನ್‌ನಲ್ಲಿ ಅಮೆರಿಕದ ಪೆನ್ ಸ್ಟೇಟ್‌ನಲ್ಲಿ ಸಪ್ತರ್ಷಿ ದಾಸ್ ಗುಂಪು ಮಾಲಿಬ್ಡಿನಮ್ ಡೈಸಲ್ಫೈಡ್ ಮತ್ತು ಟಂಗ್‌ಸ್ಟನ್ ಡೈಸೆಲೆನೈಡ್ ಎರಡನ್ನೂ ಜೋಡಿಸಿ ಸಿಲಿಕಾನಿನ ಹಂಗಿಲ್ಲದೆ ಗಣಕ ಮಾಡಿತು; ಅದರ ವೇಗ 25 ಕಿಲೋಹರ್ಟ್ಸ್. ನಿಮ್ಮ ಜೇಬಿನ ಫೋನು ಇದಕ್ಕಿಂತ ಲಕ್ಷ ಪಾಲು ಚುರುಕು, ಅದರ ಚಿಪ್ಪಿನಲ್ಲಿ ಸಾವಿರ ಕೋಟಿಗೂ ಮಿಕ್ಕಿ ಟ್ರಾನ್ಸಿಸ್ಟರು. ನಗಬಹುದು. ವಸ್ತುಸಂಗ್ರಹಾಲಯದಿಂದ ನೇರ ಬಂದಿದ್ದ ನನಗೆ ನಗು ಬರಲಿಲ್ಲ. 52 ನಿಮಿಷ ತೆಗೆದುಕೊಂಡ ಯಂತ್ರಕ್ಕೂ 1948ರಲ್ಲಿ ಜನ ನಕ್ಕಿದ್ದಿರಬೇಕು.

ಆದರೂ ಡೋಲಿನ ಸದ್ದು ಕೇಳಿದೊಡನೆ ಕುಣಿಯಲು ನಾನು ಸಿದ್ಧನಿಲ್ಲ. ಬೇಬಿಯ ಎದುರಾಳಿ ಮನುಷ್ಯನ ಕೈಲೆಕ್ಕ. ವೂಜಿಯ ಎದುರಾಳಿ ಐವತ್ತು ಅರವತ್ತು ವರ್ಷ ಪಳಗಿದ ಸಿಲಿಕಾನ್. ಇಷ್ಟು ತೆಳು ಹಾಳೆಗೆ ಲೋಹದ ತಂತಿ ಜೋಡಿಸಿದರೆ ಜೋಡಣೆಯಲ್ಲೇ ವಿದ್ಯುತ್ತು ತಡವರಿಸುತ್ತದೆ. 2021ರಲ್ಲಿ ಬಿಸ್ಮತ್ ಬಳಸಿ ಆ ತಡೆಯನ್ನು ಬಹಳಷ್ಟು ಇಳಿಸಿದ್ದಾರೆ. ಇಡೀ ಬಿಲ್ಲೆಯ ಮೇಲೆ ಒಂದೇ ಪದರು, ಒಂದೇ ಹರಳಾಗಿ, ತೂತಿಲ್ಲದೆ ಬೆಳೆಯಬೇಕು. ಅನಿಲದಿಂದ ಹಾಗೆ ಬೆಳೆಸುವ ವಿದ್ಯೆ ವರ್ಷ ವರ್ಷ ಹದಗೊಳ್ಳುತ್ತಿದೆ, ಹೆಬ್ಬೆರಳಿನ ಹದ ಇನ್ನೂ ಪೂರ್ತಿ ಬಂದಿಲ್ಲ. ಕೆಲವು ಪದರುಗಳಂತೂ ಗಾಳಿ ತಾಗಿದರೆ ಸಾಕು, ಕೆಡುತ್ತವೆ. ಕಪ್ಪು ರಂಜಕದ ಹಾಳೆ ಅಂಥದ್ದು. ಎಲ್ಲ ಗುಣವಿದ್ದೂ ತೇವದ ಗಾಳಿಯಲ್ಲಿ ಉಳಿಯದು. ಮ್ಯಾಂಚೆಸ್ಟರಿನ ಹವೆಯಲ್ಲಿ ಅದರ ಗತಿ ಕೇಳಬೇಡಿ.

ಬೆಂಗಳೂರು ಈ ದಾರಿಗೆ ತಡವಾಗಿ ಬಂದ ಊರೇನಲ್ಲ. ಜಕ್ಕೂರಿನಲ್ಲಿ ಸಿ.ಎನ್.ಆರ್. ರಾವ್ ಗುಂಪು 2010ರಲ್ಲೇ ಮಾಲಿಬ್ಡಿನಮ್, ಟಂಗ್‌ಸ್ಟನ್ ಸಲ್ಫೈಡುಗಳ ಗ್ರಾಫೀನ್‌ರೂಪದ ಹಾಳೆಗಳನ್ನು ರಸಾಯನದಿಂದ ತಯಾರಿಸಿತ್ತು. ಐಐಎಸ್‌ಸಿಯಲ್ಲಿ ಅರಿಂದಮ್ ಘೋಷ್ ಗುಂಪು ಗ್ರಾಫೀನಿನ ಮೇಲೆ ಮಾಲಿಬ್ಡಿನಮ್ ಡೈಸಲ್ಫೈಡ್ ಹೊದಿಸಿ, ಬೆಳಕನ್ನು ಕಂಡು ನೆನಪಿಟ್ಟುಕೊಳ್ಳುವ ಸಾಧನವನ್ನು 2013ರಲ್ಲಿ ತೋರಿಸಿತು. ಈಚೆಗೆ ಅಲ್ಲಿಯ ಸುಮಾರು 30 ವಿಜ್ಞಾನಿಗಳು ಸೇರಿ, ಪದರುವಸ್ತುಗಳಿಂದ ಆಂಗ್‌ಸ್ಟ್ರಮ್ ಅಳತೆಯ ಚಿಪ್ ಮಾಡುವ ಯೋಜನೆಯನ್ನು ಕೇಂದ್ರದ ಮುಂದಿಟ್ಟಿದ್ದಾರೆ. ಸಿಲಿಕಾನಿನ ಕಾರ್ಖಾನೆಗೆ ಸುರಿಯುವ ಹಣದ ಮುಂದೆ ಅವರು ಕೇಳಿರುವುದು ಚಿಲ್ಲರೆ. ಕೊಟ್ಟರೆ ಒಳ್ಳೆಯದು ಎಂಬುದು ನನ್ನ ಪಕ್ಷಪಾತ.

ಸಂಜೆಯ ಹೊತ್ತಿಗೆ ನವಲಗುಂದದ ಹುಡುಗಿ ಪದರುಗಳನ್ನು ಪೇರಿಸುವ ಕೆಲಸಕ್ಕೆ ಕೂತಳು. ಗಾಜಿನ ಪಟ್ಟಿಗೆ ಅಂಟಿಸಿದ ಪಾರದರ್ಶಕ ಮೆತ್ತೆಯೊಂದರಿಂದ ಮೊದಲು ಬೋರಾನ್ ನೈಟ್ರೈಡ್ ಎತ್ತಿದಳು, ಅದರಿಂದ ನಾವು ಕಂಡಿದ್ದ ನೀಲಿಹಸಿರು ತ್ರಿಕೋನವನ್ನು. ಈಗ ಎರಡನ್ನೂ ಇನ್ನೊಂದು ಬೋರಾನ್ ನೈಟ್ರೈಡಿನ ಮೇಲೆ ಇಳಿಸಬೇಕು. ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ಪರದೆಯ ಮೇಲೆ ಕಣ್ಣು ನೆಟ್ಟಿದ್ದಳು. ಒಂದು ತುದಿ ತಾಗಿತು. ತಾಗಿದ ಗೆರೆ ಬಣ್ಣ ಬದಲಿಸುತ್ತ ನೆರೆಯಂತೆ ಮುಂದೊತ್ತಿತು. ಪದರುಗಳು ತಾವಾಗಿಯೇ ಒಂದನ್ನೊಂದು ಎಳೆದುಕೊಂಡು, ನಡುವೆ ಸಿಕ್ಕ ಕೊಳೆಯನ್ನು ಹಿಂಡಿ ಒಂದು ಕಡೆಗೆ ಗುಳ್ಳೆಯಾಗಿ ತಳ್ಳುತ್ತವಂತೆ. ಅಂಗೈ ಬೆವರುತ್ತಿದ್ದದ್ದು ನನಗೆ, ಅವಳಿಗಲ್ಲ.

‘ಇದು ಫೋನಿನೊಳಗೆ ಯಾವಾಗಮ್ಮಾ ಬರೋದು?’ ಎಂದೆ.

‘ಫೋನಿನ ಮಾತು ಆಮ್ಯಾಲೆ ಸರ. ಇದರ ನಡು ಗುಳ್ಳಿ ಬರಲಿಲ್ಲಂದ್ರ ಸಾಕಾಗೈತಿ.’

ಪರದೆಯ ಮೇಲೆ ಎಡಬದಿಗೆ ಒಂದು ಚುಕ್ಕೆ ಉಬ್ಬಿತು, ಅದರ ಪಕ್ಕ ಇನ್ನೊಂದು. ‘ಬಂದುಬಿಟ್ಟವಲ್ಲ,’ ಎಂದೆ. ಅವಳು ಆಗಲೇ ಚಿತ್ರವನ್ನು ದೊಡ್ಡದು ಮಾಡಿಕೊಂಡು ಗುಳ್ಳೆಗಳಿಲ್ಲದ ಕಡೆ ಅಳೆಯುತ್ತಿದ್ದಳು.

‘ಇರ್ಲಿ ಬಿಡ್ರಿ. ಬಾಜೂಕ ಐದು ಮೈಕ್ರಾನ್ ಸ್ವಚ್ಛ ಜಾಗಾ ಐತಿ. ಒಂದು ಟ್ರಾನ್ಸಿಸ್ಟರಿಗೆ ಅಷ್ಟು ಧಾರಾಳ ಆತು.’